ತಾಪಮಾಪಕ ನಿಂತರೂ ಒಲೆ ಉರಿಯುತ್ತಲೇ ಇರುತ್ತದೆ: ಅಡುಗೆಮನೆಯಲ್ಲಿ ಗುಪ್ತೋಷ್ಣ ಅಳೆಯುವ ಬಗೆ

ಪ್ರೌಢಶಾಲೆಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಆ ನಕ್ಷೆ ನೆನಪಿರುತ್ತದೆ. ಮಂಜುಗಡ್ಡೆಯನ್ನು ಕಾಯಿಸುತ್ತಾ ಹೋದಂತೆ ಗೆರೆ ಮೇಲೇರುತ್ತದೆ, ಸೊನ್ನೆ ಡಿಗ್ರಿಯಲ್ಲಿ ಅಡ್ಡ ಮಲಗುತ್ತದೆ, ಮತ್ತೆ ಏರುತ್ತದೆ, ನೂರರಲ್ಲಿ ಇನ್ನೊಮ್ಮೆ ಮಲಗುತ್ತದೆ. ಮಲಗಿದ ಎರಡು ಗೆರೆಗಳ ಮೇಲೆ ‘ದ್ರವನದ ಗುಪ್ತೋಷ್ಣ’, ‘ಆವೀಕರಣದ ಗುಪ್ತೋಷ್ಣ’ ಎಂದು ಬರೆದು, ಪರೀಕ್ಷೆಗೆ ಬಾಯಿಪಾಠ ಮಾಡಿ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಗುಪ್ತೋಷ್ಣ ಎಂದರೆ ತಾಪಮಾನ ಏರಿಸದೆ, ಮಂಜುಗಡ್ಡೆಯನ್ನು ನೀರಾಗಿಸಲು ಅಥವಾ ನೀರನ್ನು ಆವಿಯಾಗಿಸಲು ಮಾತ್ರ ಖರ್ಚಾಗುವ ಉಷ್ಣ. ಈ ನಕ್ಷೆಯ ಬಗ್ಗೆ ನನಗೊಂದು ಗಟ್ಟಿ ತಕರಾರಿದೆ. ಸಾಮಾನ್ಯವಾಗಿ ಅದರಲ್ಲಿ ಅಡ್ಡಗೆರೆಗಳೂ ಓರೆಗೆರೆಗಳೂ ಹೆಚ್ಚುಕಡಿಮೆ ಒಂದೇ ಉದ್ದ ಇರುತ್ತವೆ. ಹಾಗೆ ಬಿಡಿಸಿದಾಗ ವಿಷಯದ ತಿರುಳೇ ಮಾಯವಾಗುತ್ತದೆ.

ಆದ್ದರಿಂದ ಯಾವ ಪಾತ್ರೆಯನ್ನೂ ಮುಟ್ಟುವ ಮೊದಲು ಒಂದು ಹಾಳೆ, ಪೆನ್ಸಿಲು, ಅಳತೆಪಟ್ಟಿ ತೆಗೆದುಕೊಳ್ಳಿ. ಒಂದು ಗ್ರಾಂ ಮಂಜುಗಡ್ಡೆಯ ಕಥೆಯನ್ನು ಉಷ್ಣದ ಲೆಕ್ಕದಲ್ಲಿ ಬಿಡಿಸಿ. ಉಷ್ಣವನ್ನು ಅಳೆಯುವ ಮಾನ ಜೂಲ್; 100 ಜೂಲ್‌ಗೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಫ್ರೀಜರ್‌ನ −18 ಡಿಗ್ರಿಯಿಂದ ಸೊನ್ನೆಗೆ ಬರಲು ಬೇಕಾದದ್ದು ಸುಮಾರು 38 ಜೂಲ್. ಅಂದರೆ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಕರಗಲು 334 ಜೂಲ್, 3.3 ಸೆಂಟಿಮೀಟರ್. ಕರಗಿದ ನೀರು ಸೊನ್ನೆಯಿಂದ ನೂರಕ್ಕೆ ಏರಲು 418 ಜೂಲ್, 4.2 ಸೆಂಟಿಮೀಟರ್. ಆ ಕುದಿನೀರು ಪೂರ್ತಿ ಆವಿಯಾಗಲು 2257 ಜೂಲ್, 22.6 ಸೆಂಟಿಮೀಟರ್! ಎ4 ಹಾಳೆಯನ್ನು ಅಡ್ಡ ಹಿಡಿದರೂ ಗೆರೆ ಅಂಚು ದಾಟಿ ಹೋಗುತ್ತದೆ. ತಾಪಮಾಪಕ ಒಂದಿಷ್ಟೂ ಕದಲದ ಜಾಗದಲ್ಲೇ ಉಷ್ಣದ ಬಹುಪಾಲು ಖರ್ಚಾಗುತ್ತದೆ ಎಂಬುದು ಈ ಒಂದು ಗೆರೆಯಿಂದಲೇ ಕಣ್ಣಿಗೆ ಕಟ್ಟುತ್ತದೆ. ತಾಪಮಾಪಕವನ್ನು ಮಾತ್ರ ನಂಬಿ ಕುಳಿತವರಿಗೆ ಈ ಖರ್ಚು ಕಾಣುವುದೇ ಇಲ್ಲ. ಅದನ್ನು ಹಿಡಿಯಲು ತಾಪಮಾಪಕದ ಜೊತೆಗೆ ತಕ್ಕಡಿಯೂ ಬೇಕು, ಗಡಿಯಾರವೂ ಬೇಕು.

ಮೇಲಿನ ಅಂಕಿಗಳನ್ನು ಪುಸ್ತಕದಿಂದ ನಂಬಬೇಕಾಗಿಲ್ಲ. 334 ಮತ್ತು 2257, ಎರಡನ್ನೂ ಮನೆಯಲ್ಲಿ ಅಳೆಯಬಹುದು. ಹೇಗೆಂದು ಮುಂದೆ ಬರೆದಿದ್ದೇನೆ. ಮಕ್ಕಳು ಮಾಡುವುದಾದರೆ ಬಿಸಿನೀರು ಮತ್ತು ಕೆಟಲ್ ಇರುವ ಕಡೆ ದೊಡ್ಡವರೊಬ್ಬರು ಜೊತೆಗಿರಲೇಬೇಕು.

ಸಾಮಾನು ಜೋಡಿಸಿಕೊಳ್ಳುವುದು

ಒಂದು ಗ್ರಾಂವರೆಗೆ ತೋರಿಸುವ, ಐದು ಕಿಲೋ ತಡೆಯುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಅರ್ಧ ಲೀಟರ್ ಹಿಡಿಯುವ ಸ್ಟೀಲ್ ಲೋಟ, ಅದನ್ನು ಒಳಗಿಡಲು ಥರ್ಮಾಕೋಲ್ ಡಬ್ಬ ಅಥವಾ ಸುತ್ತಲು ದಪ್ಪ ಬಟ್ಟೆ. ಒಂದು ಲೀಟರ್‌ಗಿಂತ ದೊಡ್ಡ ಎಲೆಕ್ಟ್ರಿಕ್ ಕೆಟಲ್. ಮೊಬೈಲ್‌ನಲ್ಲಿರುವ ಸ್ಟಾಪ್‌ವಾಚ್ ಸಾಕು. ತಾಪಮಾಪಕದ ವಿಷಯದಲ್ಲಿ ಮಾತ್ರ ಎಚ್ಚರ: ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು, ಅದರ ವ್ಯಾಪ್ತಿ ಮೈಬಿಸಿಯ ಆಸುಪಾಸಿನ ಕೆಲವೇ ಡಿಗ್ರಿ. −10ರಿಂದ 110 ಡಿಗ್ರಿವರೆಗಿನ, ಕೆಂಪು ಆಲ್ಕೋಹಾಲ್ ತುಂಬಿದ ಪ್ರಯೋಗಶಾಲೆಯ ತಾಪಮಾಪಕ ಅಥವಾ ಅಡುಗೆಗೆ ಬಳಸುವ ಡಿಜಿಟಲ್ ಕಡ್ಡಿ ಕೊಳ್ಳಿ. ಪಾದರಸದ್ದು ಬೇಡ; ಅಡುಗೆಮನೆಯಲ್ಲಿ ಒಡೆದರೆ ದೊಡ್ಡ ತೊಂದರೆ.

ಕೊಂಡ ತಾಪಮಾಪಕವನ್ನು ಮೊದಲು ಪರೀಕ್ಷಿಸಿ. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹಾಕಿ ಕಲಕಿ, ಅದರಲ್ಲಿ ಕೆಲವು ನಿಮಿಷ ಇಡಿ. ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಹೆಚ್ಚು ತೋರಿಸಿದರೆ ಆ ಒಂದು ಡಿಗ್ರಿಯನ್ನು ಮುಂದಿನ ಎಲ್ಲ ಓದುಗಳಿಂದ ಕಳೆಯಿರಿ. ಕುದಿಯುವ ನೀರಿನಲ್ಲೂ ಪರೀಕ್ಷಿಸಬಹುದು, ಆದರೆ ಅಲ್ಲಿ 100 ಬರಲೇಬೇಕು ಎಂದು ಹಟ ಹಿಡಿಯಬೇಡಿ. ಸಮುದ್ರಮಟ್ಟದಿಂದ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು, ಪ್ರತಿ 300 ಮೀಟರ್‌ಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ ನೀರು 100ರಲ್ಲಿ ಕುದಿದರೆ, 900 ಮೀಟರ್‌ಗಿಂತ ತುಸು ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರ, ಮಡಿಕೇರಿಯಲ್ಲಿ 96ರ ಹತ್ತಿರ ಕುದಿಯುತ್ತದೆ. ಬೆಂಗಳೂರಿನ ಶಾಲೆಗಳ ಪ್ರಯೋಗ ಪುಸ್ತಕಗಳಲ್ಲಿ ಮಕ್ಕಳು ಕಂಡದ್ದನ್ನು ಬಿಟ್ಟು 100 ಎಂದು ಬರೆಯುವುದು ನನಗೆ ನಿಜವಾಗಿಯೂ ಬೇಸರದ ವಿಷಯ. 97 ಕಂಡರೆ 97 ಎಂದೇ ಬರೆಯಿರಿ. ಅದು ತಪ್ಪಲ್ಲ, ನಿಮ್ಮ ಊರಿನ ಎತ್ತರ ಹೇಳುತ್ತಿರುವ ಮಾತು.

ಮೊದಲು ಕಣ್ಣಾರೆ ನೋಡಿ

ಅಳತೆಗೆ ಇಳಿಯುವ ಮುನ್ನ ತಾಪಮಾನ ನಿಲ್ಲುವುದನ್ನೊಮ್ಮೆ ನೋಡಿಬಿಡಿ. ಸಣ್ಣ ಪಾತ್ರೆಗೆ 200 ಗ್ರಾಂನಷ್ಟು ಪುಡಿ ಮಂಜುಗಡ್ಡೆ ಹಾಕಿ, ಒಲೆಯ ಉರಿಯನ್ನು ಅತಿ ಸಣ್ಣದಾಗಿಟ್ಟು, ಕಲಕುತ್ತಾ ಅರ್ಧ ನಿಮಿಷಕ್ಕೊಮ್ಮೆ ತಾಪಮಾನ ಬರೆದುಕೊಳ್ಳಿ. ಕಲಕದಿದ್ದರೆ ತಳದ ನೀರು ಬಿಸಿಯಾಗಿ, ಮೇಲೆ ಮಂಜುಗಡ್ಡೆ ತೇಲುತ್ತಿರುವಾಗಲೇ ತಾಪಮಾಪಕ ನಾಲ್ಕೈದು ಡಿಗ್ರಿ ತೋರಿಸೀತು. ತಾಪಮಾಪಕದ ತುದಿ ಪಾತ್ರೆಯ ತಳಕ್ಕೆ ತಾಗದಿರಲಿ.

ಮಂಜುಗಡ್ಡೆಯ ಕೊನೆಯ ಚೂರು ಕರಗುವ ತನಕ ಎಷ್ಟು ಸಮಯ ಹಿಡಿಯಿತು ಎಂದು ಗುರುತಿಸಿ. ಉರಿಯನ್ನು ಬದಲಿಸದೆ ಮುಂದುವರಿಸಿ. ಕರಗಲು ಹಿಡಿದಷ್ಟೇ ಸಮಯದಲ್ಲಿ ಆ ನೀರು ಸೊನ್ನೆಯಿಂದ 80 ಡಿಗ್ರಿಯ ಹತ್ತಿರಕ್ಕೆ ಬಂದಿರಬೇಕು. ಏಕೆಂದರೆ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್ ಬೇಕು, 334ನ್ನು ಅದರಿಂದ ಭಾಗಿಸಿದರೆ ಸಿಗುವುದು 80. ಪಾತ್ರೆ ಬಿಸಿಯಾದಂತೆ ಸುತ್ತಲಿನ ಗಾಳಿಗೆ ಉಷ್ಣ ಸೋರುವುದರಿಂದ ತುಸು ಕಡಿಮೆ ಬರುತ್ತದೆ, ಅಷ್ಟೇ.

ಈ 80 ಡಿಗ್ರಿಯ ಮೊತ್ತವನ್ನು ಮೊದಲು ಲೆಕ್ಕ ಹಾಕಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್, 1760ರ ದಶಕದ ಆರಂಭದಲ್ಲಿ. ಅವರ ಪ್ರಯೋಗಕ್ಕೆ ಒಲೆಯೂ ಬೇಕಾಗಲಿಲ್ಲ. ದೊಡ್ಡ ಕೋಣೆಯೊಂದರಲ್ಲಿ ಎರಡು ಗಾಜಿನ ಬುರುಡೆಗಳನ್ನು ತೂಗುಹಾಕಿದರು. ಒಂದರಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, ಹೆಪ್ಪುಗಟ್ಟುವಷ್ಟು ತಣ್ಣಗಿನ ನೀರು. ನೀರು ಅರ್ಧ ಗಂಟೆಯಲ್ಲಿ 33ರಿಂದ 40 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿತು. ಮಂಜುಗಡ್ಡೆಯಿದ್ದ ಬುರುಡೆ ಅದೇ 40ಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಅರ್ಧ ಗಂಟೆಗೆ 7 ಡಿಗ್ರಿಯಂತೆ ಇಪ್ಪತ್ತೊಂದು ಅರ್ಧ ಗಂಟೆಗಳಿಗೆ 147 ಡಿಗ್ರಿಯಷ್ಟು ಉಷ್ಣ ಒಳಗೆ ಹೋಗಿರಬೇಕು. ಕರಗಿದ ನೀರು 32ರಿಂದ 40ಕ್ಕೆ ಏರಲು ಬಳಸಿದ 8 ಡಿಗ್ರಿ ಕಳೆದರೆ 139. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಅದು 77. ಗಡಿಯಾರ ಮತ್ತು ತಾಳ್ಮೆ ಮಾತ್ರ ಬಳಸಿ ಇಂದಿನ 80ಕ್ಕೆ ಇಷ್ಟು ಹತ್ತಿರ ಬಂದದ್ದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮಂಜುಗಡ್ಡೆಯ ಗುಪ್ತೋಷ್ಣ

ಉಗುರುಬೆಚ್ಚಗಿನ ನೀರಿಗೆ ಮಂಜುಗಡ್ಡೆ ಹಾಕುವುದು, ನೀರು ಕಳೆದುಕೊಂಡ ಉಷ್ಣವನ್ನು ಲೆಕ್ಕ ಹಾಕುವುದು, ಅದು ಎಲ್ಲೆಲ್ಲಿ ಹೋಯಿತೆಂದು ಹಂಚುವುದು: ವಿಧಾನ ಇಷ್ಟೇ. ಆದರೆ ಸಣ್ಣ ಅಜಾಗರೂಕತೆ ಫಲಿತಾಂಶವನ್ನು ಶೇಕಡಾ ಹತ್ತರಷ್ಟು ಕೆಡಿಸಬಲ್ಲದು. ಹಾಗಾಗಿ ಪ್ರತಿ ಹಂತಕ್ಕೂ ಕಾರಣ ಹೇಳುತ್ತೇನೆ.

1. ಮಂಜುಗಡ್ಡೆಯನ್ನು ಫ್ರೀಜರ್‌ನಿಂದ ಹೊರಗೆ ತೆಗೆದು, ಮೈಯೆಲ್ಲ ಒದ್ದೆಯಾಗಿ ಹೊಳೆಯುವ ತನಕ ಬಟ್ಟಲಲ್ಲಿ ಬಿಡಿ. ಹತ್ತು ಹದಿನೈದು ನಿಮಿಷ ಬೇಕಾದೀತು. ತೆಗೆದ ತಕ್ಷಣ ಅದು −18ರ ಹತ್ತಿರ ಇರುತ್ತದೆ, ಹಾಗೆಯೇ ಹಾಕಿದರೆ ಕರಗುವ ಮೊದಲು ಸೊನ್ನೆಗೆ ಬರಲು ಗ್ರಾಂಗೆ 38 ಜೂಲ್ ಹೆಚ್ಚು ನುಂಗುತ್ತದೆ. ನಿಮ್ಮ ಉತ್ತರ 334ರ ಬದಲು 370 ಮುಟ್ಟುತ್ತದೆ.

2. ಖಾಲಿ ಲೋಟ ತೂಗಿ ಬರೆದುಕೊಳ್ಳಿ. ಅದಕ್ಕೆ ಸುಮಾರು 42 ಡಿಗ್ರಿಯ 300 ಗ್ರಾಂ ನೀರು ಹಾಕಿ ಥರ್ಮಾಕೋಲ್ ಡಬ್ಬದೊಳಗೆ ಇಡಿ. ಕಲಕುತ್ತಾ 40ಕ್ಕೆ ಇಳಿಯುವ ತನಕ ಕಾಯಿರಿ. 40 ಏಕೆ? ಕೋಣೆ 28 ಡಿಗ್ರಿ ಇದ್ದರೆ ನೀರು ಆರಂಭದಲ್ಲಿ ಕೋಣೆಗಿಂತ 12 ಡಿಗ್ರಿ ಮೇಲಿರುತ್ತದೆ, ಕೊನೆಯಲ್ಲಿ ಸುಮಾರು 12 ಡಿಗ್ರಿ ಕೆಳಗಿರುತ್ತದೆ. ಮೊದಲರ್ಧದಲ್ಲಿ ಗಾಳಿಗೆ ಸೋರಿದ ಉಷ್ಣ, ಉಳಿದರ್ಧದಲ್ಲಿ ಗಾಳಿಯಿಂದಲೇ ಹೆಚ್ಚುಕಡಿಮೆ ಮರಳಿ ಬರುತ್ತದೆ. ಹಳೆಯ ಪ್ರಯೋಗಶಾಲೆಗಳ ಉಪಾಯವಿದು, ದುಡ್ಡು ಖರ್ಚಿಲ್ಲದ ಅತ್ಯುತ್ತಮ ತಿದ್ದುಪಡಿ. ನಿಮ್ಮ ಕೋಣೆ 22 ಡಿಗ್ರಿ ಇದ್ದರೆ ಆರಂಭವನ್ನೂ ಅದಕ್ಕೆ ತಕ್ಕಂತೆ ಇಳಿಸಿ, ಮಂಜುಗಡ್ಡೆಯನ್ನೂ ಕೊಂಚ ಕಡಿಮೆ ಮಾಡಿ.

3. ನಾಲ್ಕೈದು ಮಂಜುಗಡ್ಡೆಗಳನ್ನು ದಪ್ಪ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ಬಟ್ಟೆಯಿಂದಲೇ ಹಿಡಿದು, ಚಿಮ್ಮದಂತೆ ಲೋಟಕ್ಕೆ ಜಾರಿಸಿ. ಒರೆಸುವುದನ್ನು ಬಿಟ್ಟರೆ ಈಗಾಗಲೇ ಕರಗಿದ ನೀರನ್ನೂ ಮಂಜುಗಡ್ಡೆಯೆಂದು ಎಣಿಸಿದಂತಾಗುತ್ತದೆ. 80 ಗ್ರಾಂನಲ್ಲಿ 4 ಗ್ರಾಂ ನೀರಿದ್ದರೂ ಉತ್ತರ 17 ಜೂಲ್ ಕುಸಿಯುತ್ತದೆ.

4. ಮರದ ಅಥವಾ ಪ್ಲಾಸ್ಟಿಕ್ ಚಮಚದಿಂದ ನಿಧಾನವಾಗಿ ಕಲಕಿ. ಕೊನೆಯ ಚೂರು ಮಾಯವಾದ ಕ್ಷಣದ ತಾಪಮಾನ ಬರೆಯಿರಿ.

5. ಲೋಟವನ್ನು ಮತ್ತೆ ತೂಗಿ. ಹೆಚ್ಚಾದ ತೂಕವೇ ಹಾಕಿದ ಮಂಜುಗಡ್ಡೆಯ ತೂಕ. ಮಂಜುಗಡ್ಡೆಯನ್ನು ಮೊದಲೇ ಬೇರೆಯಾಗಿ ತೂಗಲು ಹೋಗಬೇಡಿ, ತೂಗುವಷ್ಟರಲ್ಲಿ ಅದು ಮತ್ತೆ ಬೆವರುತ್ತದೆ.

ಲೆಕ್ಕಕ್ಕೊಂದು ಉದಾಹರಣೆ. ಲೋಟ 100 ಗ್ರಾಂ, ನೀರು 300 ಗ್ರಾಂ, ಆರಂಭ 40 ಡಿಗ್ರಿ, ಹಾಕಿದ ಮಂಜುಗಡ್ಡೆ 80 ಗ್ರಾಂ, ಕೊನೆ 15.8 ಡಿಗ್ರಿ ಎಂದಿಟ್ಟುಕೊಳ್ಳಿ. ಇಳಿದದ್ದು 24.2 ಡಿಗ್ರಿ. ನೀರು ಬಿಟ್ಟುಕೊಟ್ಟ ಉಷ್ಣ 300 × 4.18 × 24.2, ಅಂದರೆ 30,347 ಜೂಲ್. ಲೋಟವೂ ತಣ್ಣಗಾಗಿದೆ, ಸ್ಟೀಲ್‌ಗೆ ಗ್ರಾಂಗೆ ಡಿಗ್ರಿಗೆ 0.5 ಜೂಲ್ ಹಿಡಿದರೆ 1,210 ಜೂಲ್. ಒಟ್ಟು 31,557. ಕರಗಿದ ಮೇಲೆ ಆ 80 ಗ್ರಾಂ ನೀರು ಸೊನ್ನೆಯಿಂದ 15.8ಕ್ಕೆ ಏರಲು ತೆಗೆದುಕೊಂಡದ್ದು 80 × 4.18 × 15.8, ಅಂದರೆ 5,284. ಉಳಿದ 26,273 ಜೂಲ್ ಕರಗಿಸುವುದಕ್ಕೇ ಹೋಗಿದೆ. 80ರಿಂದ ಭಾಗಿಸಿ: ಗ್ರಾಂಗೆ 328 ಜೂಲ್. ಪುಸ್ತಕದ 334ಕ್ಕೆ ಶೇಕಡಾ ಎರಡರಷ್ಟು ಕಡಿಮೆ. ಲೋಟವನ್ನು ಲೆಕ್ಕಕ್ಕೆ ಸೇರಿಸದಿದ್ದರೆ 313 ಬರುತ್ತಿತ್ತು. ‘ಲೋಟ ತಾನೇ’ ಎಂದು ಬಿಡುವಂತಿಲ್ಲ.

ಹಾಗಾದರೆ ಈ 26,000 ಜೂಲ್ ಏನು ಮಾಡಿತು? ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಒಂದನ್ನೊಂದು ಹಿಡಿದು ಒಂದು ಕ್ರಮದಲ್ಲಿ ನಿಂತಿರುತ್ತವೆ. ಬಂದ ಉಷ್ಣ ಆ ಹಿಡಿತಗಳನ್ನು ಸಡಿಲಿಸಲು ಬಳಕೆಯಾಯಿತು, ಅಣುಗಳ ಓಟದ ವೇಗ ಹೆಚ್ಚಿಸಲು ಅಲ್ಲ. ತಾಪಮಾಪಕ ತೋರಿಸುವುದು ಓಟವನ್ನು ಮಾತ್ರ. ನೀರು ಮರಳಿ ಹೆಪ್ಪುಗಟ್ಟುವಾಗ ಅಷ್ಟೂ ಉಷ್ಣ ಹೊರಬರುತ್ತದೆ. ಫ್ರೀಜರ್‌ಗೆ ನೀರನ್ನು 27 ಡಿಗ್ರಿಯಿಂದ ಸೊನ್ನೆಗೆ ತರುವುದು ಸುಲಭದ ಕೆಲಸ; ಸೊನ್ನೆಯ ನೀರನ್ನು ಸೊನ್ನೆಯ ಮಂಜುಗಡ್ಡೆ ಮಾಡಲು ಅದರ ಸುಮಾರು ಮೂರು ಪಟ್ಟು ಉಷ್ಣವನ್ನು ಹೊರಗೆ ಎಳೆಯಬೇಕು.

ಆವಿಯ ಗುಪ್ತೋಷ್ಣ

ಇಲ್ಲಿ ಎಚ್ಚರಿಕೆಯೇ ಮೊದಲು. ಒಂದು ಗ್ರಾಂ ಕುದಿನೀರು ಚರ್ಮದ ಮೇಲೆ ಬಿದ್ದು ಮೈಬಿಸಿಗೆ ಇಳಿಯುವಾಗ ಸುಮಾರು 260 ಜೂಲ್ ಕೊಡುತ್ತದೆ. ಒಂದು ಗ್ರಾಂ ಹಬೆ ಅದೇ ಚರ್ಮದ ಮೇಲೆ ನೀರಾಗುವಾಗ 2257 ಜೂಲ್ ಕೊಟ್ಟು, ಆಮೇಲೆ ಆ 260ನ್ನೂ ಕೊಡುತ್ತದೆ. ಒಂಬತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಕುದಿಯುವ ಕೆಟಲ್‌ನ ಮೇಲೆ ಮುಖವಾಗಲಿ ಕೈಯಾಗಲಿ ಬರಬಾರದು. ನೀರು ಕಾಯಿಸುವ ಕಾಯಿಲ್ ಕಡ್ಡಿಯನ್ನು ಈ ಪ್ರಯೋಗಕ್ಕೆ ಬಳಸಲೇಬೇಡಿ, ವಿದ್ಯುತ್ ಆಘಾತದ ಅಪಾಯವಿದೆ.

ಕೆಟಲ್ ಎಷ್ಟು ಉಷ್ಣ ಕೊಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಅದರ ತಳದಲ್ಲಿ 1500 ವ್ಯಾಟ್ ಎಂದು ಬರೆದಿದ್ದರೆ ಅದು 230 ವೋಲ್ಟ್ ಸಿಕ್ಕಾಗಿನ ಮಾತು. ಸಂಜೆ ಹೊತ್ತು ವೋಲ್ಟೇಜ್ 210ಕ್ಕೆ ಇಳಿದರೆ ಶಕ್ತಿ 1250 ವ್ಯಾಟ್‌ಗೆ ಇಳಿಯುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ಅನುಗುಣ. ಬರೆದದ್ದನ್ನು ನಂಬದೆ ಗೋಡೆಯ ಮೇಲಿನ ಡಿಜಿಟಲ್ ವಿದ್ಯುತ್ ಮೀಟರನ್ನು ಕೇಳಿ. ಅದರಲ್ಲಿ ಮಿನುಗುವ ಕೆಂಪು ದೀಪವಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದು ಮೀಟರ್ ಮೇಲೆಯೇ ಅಚ್ಚಾಗಿರುತ್ತದೆ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 3200 ಮಿನುಗು ಎಂದಿದ್ದರೆ ಒಂದೊಂದು ಮಿನುಗಿಗೆ 1125 ಜೂಲ್. ಫ್ರಿಜ್ ಸೇರಿದಂತೆ ಮನೆಯ ಉಳಿದೆಲ್ಲವನ್ನೂ ಆರಿಸಿ, ಕೆಟಲ್ ಮಾತ್ರ ಓಡುವಾಗ 20 ಮಿನುಗಿಗೆ ಎಷ್ಟು ಸೆಕೆಂಡ್ ಎಂದು ನೋಡಿ. 18 ಸೆಕೆಂಡ್ ಆದರೆ 22,500ನ್ನು 18ರಿಂದ ಭಾಗಿಸಿ: 1250 ವ್ಯಾಟ್.

1. ಕೆಟಲ್‌ಗೆ ಒಂದು ಲೀಟರ್‌ನಷ್ಟು ನೀರು ಹಾಕಿ ಕುದಿಸಿ. ಸ್ವಿಚ್ ಆರಿಸಿ, ತಳಪೀಠದಿಂದ ಎತ್ತಿ, ತಕ್ಕಡಿಯ ಮೇಲೆ ಮಡಚಿದ ಬಟ್ಟೆಯಿಟ್ಟು ತೂಗಿ.

2. ತಕ್ಷಣ ಮರಳಿ ಇಟ್ಟು, ಮುಚ್ಚಳ ತೆರೆದು ಚಾಲೂ ಮಾಡಿ, ಸ್ಟಾಪ್‌ವಾಚ್ ಒತ್ತಿ. ಮುಚ್ಚಳ ತೆರೆದಿದ್ದರೆ ಹಬೆ ಒಳಗಿನ ಸ್ವಿಚ್ ತಲುಪದೆ ಕೆಟಲ್ ತಾನಾಗಿ ಆರುವುದಿಲ್ಲ. ಅದಕ್ಕಾಗಿಯೇ ನೀವು ಅಲ್ಲಿಂದ ಕದಲಬಾರದು. ನೀರು ಒಳಗಿನ ಕನಿಷ್ಠ ಗುರುತಿಗಿಂತ ಕೆಳಗೆ ಇಳಿಯಲೂ ಬಾರದು.

3. ಐದು ನಿಮಿಷಕ್ಕೆ ಸರಿಯಾಗಿ ಆರಿಸಿ, ಕುದಿ ನಿಂತ ಮೇಲೆ ಮತ್ತೆ ತೂಗಿ.

4. ಈಗ ಮುಚ್ಚಳ ಮುಚ್ಚಿ ಇನ್ನು ಐದು ನಿಮಿಷ ಬಿಟ್ಟು, ತಾಪಮಾನ ಎಷ್ಟು ಇಳಿಯಿತೆಂದು ನೋಡಿ. ಕೆಟಲ್‌ನ ಮೈಯಿಂದ ಸೋರುವ ಉಷ್ಣದ ಅಂದಾಜು ಇದರಿಂದ ಸಿಗುತ್ತದೆ.

1250 ವ್ಯಾಟ್‌ನಲ್ಲಿ 300 ಸೆಕೆಂಡ್ ಎಂದರೆ 3,75,000 ಜೂಲ್. ತೂಕ 158 ಗ್ರಾಂ ಇಳಿದಿದ್ದರೆ, ನೇರ ಭಾಗಾಕಾರ ಕೊಡುವುದು 2373. ಇದು ಹೆಚ್ಚು. ಕೊನೆಯ ಹಂತದಲ್ಲಿ ನೀರು 4 ಡಿಗ್ರಿ ಇಳಿದಿದ್ದರೆ, ಸರಾಸರಿ 920 ಗ್ರಾಂ ನೀರಿಗೆ ಸೋರಿಕೆ ಸುಮಾರು 15,400 ಜೂಲ್. ಅದನ್ನು ಕಳೆದು ಭಾಗಿಸಿದರೆ 2276. ಬೆಂಗಳೂರಿನ 97 ಡಿಗ್ರಿಯಲ್ಲಿ ನಿಜವಾದ ಬೆಲೆ 2265ರ ಆಸುಪಾಸು. ಕಡಿಮೆ ತಾಪದಲ್ಲಿ ಆವಿಯಾಗಲು ತುಸು ಹೆಚ್ಚೇ ಉಷ್ಣ ಬೇಕು. ನಿಮ್ಮ ಉತ್ತರ 2000ಕ್ಕಿಂತ ಕೆಳಗೆ ಬಂದರೆ ಕೆಟಲ್‌ನ ಬಾಯಿಂದ ಹನಿಗಳು ಸಿಡಿದು ಹೊರಬಿದ್ದಿವೆ ಎಂದರ್ಥ, ನೀರನ್ನು ಕಡಿಮೆ ಮಾಡಿ ಪುನಃ ಮಾಡಿ.

ಕರಗಿಸುವುದಕ್ಕಿಂತ ಆವಿಯಾಗಿಸಲು ಏಳು ಪಟ್ಟಿಗೂ ಹತ್ತಿರ ಹೆಚ್ಚು ಏಕೆ? ಕರಗುವಾಗ ಅಣುಗಳ ಹಿಡಿತ ಸಡಿಲವಾದರೆ ಸಾಕು. ಆವಿಯಾಗುವಾಗ ಪ್ರತಿಯೊಂದು ಅಣುವನ್ನೂ ಉಳಿದವುಗಳಿಂದ ಪೂರ್ತಿ ಬಿಡಿಸಬೇಕು. ಒಂದು ಮಿಲಿಲೀಟರ್ ನೀರು 100 ಡಿಗ್ರಿಯಲ್ಲಿ ಸುಮಾರು 1.7 ಲೀಟರ್ ಹಬೆಯಾಗುತ್ತದೆ. ಈ ದೊಡ್ಡ ಮೊತ್ತ ಕಂಡು ಬೆರಗಾದವರಲ್ಲಿ ಜೇಮ್ಸ್ ವ್ಯಾಟ್ ಒಬ್ಬರು. ಬ್ಲ್ಯಾಕ್ ಪಾಠ ಹೇಳುತ್ತಿದ್ದ ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಕರಾಗಿದ್ದ ಅವರು, ಹಬೆಯಾದ ನೀರು ತನ್ನ ಆರು ಪಟ್ಟು ತೂಕದ ತಣ್ಣೀರನ್ನು ಕುದಿಯುವ ತನಕ ಬಿಸಿ ಮಾಡುತ್ತದೆಂದು ಕಂಡುಕೊಂಡರು. ಕಾರಣ ತಿಳಿಸಿದವರು ಬ್ಲ್ಯಾಕ್. ಉಗಿಯಂತ್ರಕ್ಕೆ ಪ್ರತ್ಯೇಕ ಸಾಂದ್ರಕ (ಹಬೆಯನ್ನು ತಣಿಸಿ ನೀರಾಗಿಸುವ ಭಾಗ) ಬೇಕೆಂಬ ವ್ಯಾಟ್‌ರ ಆಲೋಚನೆ 1765ರದು.

ಒಲೆಯ ಮುಂದೆ ಈ ಅಂಕಿಗಳು

ಬೇಳೆ ಬೇಯಿಸುವಾಗ ನೀರು ಒಮ್ಮೆ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ. ದೊಡ್ಡ ಉರಿಯಲ್ಲಿ ನೀರು ಕೊತಕೊತ ಕುದಿದರೂ ಅದರ ತಾಪಮಾನ ಏರದು, ಬೇಳೆ ಬೇಗ ಬೇಯದು. ಹೆಚ್ಚಿನ ಗ್ಯಾಸ್ ಎಲ್ಲ ಗ್ರಾಂಗೆ 2257 ಜೂಲ್‌ನಂತೆ ಹಬೆಯಾಗಿ ಕಿಟಕಿಯಿಂದ ಹೊರಗೆ ಹೋಗುತ್ತದೆ. ಇಡ್ಲಿಯಲ್ಲಿ ಅದೇ ಹಬೆ ಕೆಲಸಕ್ಕೆ ಬರುತ್ತದೆ: ತಣ್ಣಗಿನ ಹಿಟ್ಟಿನ ಮೇಲೆ ನೀರಾಗಿ ಕೂರುವಾಗ ಹೊತ್ತುತಂದ ಉಷ್ಣವನ್ನು ಅಲ್ಲೇ ಇಳಿಸುತ್ತದೆ. ಮೊದಲ ನಿಮಿಷಗಳಲ್ಲಿ ಮುಚ್ಚಳ ಎತ್ತಿ ನೋಡಬೇಡಿ ಎಂದು ಹಿರಿಯರು ಹೇಳುವುದರಲ್ಲಿ ಪೂರ್ತಿ ಅರ್ಥವಿದೆ.

ಆವಿಯಾಗಲು ಕುದಿಯಲೇಬೇಕೆಂದಿಲ್ಲ. ಮೂವತ್ತು ಡಿಗ್ರಿಯಲ್ಲೂ ನೀರು ಗ್ರಾಂಗೆ ಸುಮಾರು 2430 ಜೂಲ್ ಹೊತ್ತು ಹಾರಿಹೋಗುತ್ತದೆ. ಬೇಸಿಗೆಯಲ್ಲಿ ಎರಡು ಲೀಟರ್ ಹಿಡಿಯುವ ಮಣ್ಣಿನ ಹೂಜಿ ಸಿಕ್ಕರೆ ಇದನ್ನೂ ತೂಗಿ ನೋಡಬಹುದು. ಹೊಸ ಹೂಜಿಯನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಎರಡು ಲೀಟರ್ ನೀರು ತುಂಬಿ, ಬಾಯಿ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿಡಿ. ಪಕ್ಕದಲ್ಲಿ ಅಷ್ಟೇ ನೀರಿರುವ ಸ್ಟೀಲ್ ಪಾತ್ರೆಯನ್ನೂ ಮುಚ್ಚಿಡಿ. ಕೆಲವು ಗಂಟೆಗಳ ನಂತರ ಎರಡರ ತೂಕವನ್ನೂ ತಾಪಮಾನವನ್ನೂ ನೋಡಿ. ಹೂಜಿ 60 ಗ್ರಾಂ ಕಳೆದುಕೊಂಡಿದ್ದರೆ 1,45,800 ಜೂಲ್ ಹೊರಹೋಗಿದೆ. ಎರಡು ಲೀಟರ್ ನೀರನ್ನು 17 ಡಿಗ್ರಿ ತಣಿಸಲು ಸಾಕಾಗುವಷ್ಟು. ಅಷ್ಟು ತಣ್ಣಗೆ ಆಗಿರುವುದಿಲ್ಲ, ಏಕೆಂದರೆ ಹೂಜಿ ತಣ್ಣಗಾದಂತೆಲ್ಲ ಸುತ್ತಲಿನ ಬಿಸಿಗಾಳಿ ಅದಕ್ಕೆ ಉಷ್ಣ ತುಂಬುತ್ತಲೇ ಇರುತ್ತದೆ. ಕಳೆದುಕೊಂಡ ಉಷ್ಣಕ್ಕೂ ಇಳಿದ ತಾಪಮಾನಕ್ಕೂ ನಡುವಿನ ವ್ಯತ್ಯಾಸವೇ ಗಾಳಿಯಿಂದ ಒಳಬಂದ ಉಷ್ಣ. ಹೂಜಿಯ ಮಣ್ಣೂ ತಣ್ಣಗಾಗಿರುತ್ತದೆ, ಬೇಕಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ಹೂಜಿಯ ತೂಕ ಬೇಗ ಇಳಿಯುತ್ತದೆ, ನೀರೂ ಚೆನ್ನಾಗಿ ತಣಿಯುತ್ತದೆ. ಕರಾವಳಿಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ತೂಕವೂ ತಾಪಮಾನವೂ ಅಷ್ಟಾಗಿ ಕದಲುವುದಿಲ್ಲ. ನಿಮ್ಮ ಬಂಧುಗಳು ಇನ್ನೊಂದು ಊರಿನಲ್ಲಿದ್ದರೆ ಅದೇ ದಿನ ಅಲ್ಲಿಯೂ ಒಂದು ಹೂಜಿ ತೂಗಲು ಹೇಳಿ, ಎರಡೂ ಊರಿನ ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ.